ಶುಲ್ಕ ಬಾಕಿಯೆಂದು ಶಾಲೆಯವರು ಟಿಸಿ ಕೊಡದಿದ್ದರೆ ಉಚಿತ ಕಾನೂನು ನೆರವು ಎಲ್ಲಿ ಸಿಗುತ್ತದೆ?

ಆರನೇ ತರಗತಿ ಮುಗಿಸಿದ ಮಗಳ ವರ್ಗಾವಣೆ ಪತ್ರವನ್ನು ಶುಲ್ಕ ಬಾಕಿಯ ಕಾರಣಕ್ಕೆ ಖಾಸಗಿ ಶಾಲೆಯವರು ತಡೆಹಿಡಿದಿದ್ದಾರೆ, ವಕೀಲರನ್ನು ಇಟ್ಟುಕೊಳ್ಳುವ ಶಕ್ತಿ ನಿಮಗಿಲ್ಲ ಎಂದು ಬರೆದಿದ್ದೀರಿ ಅಮ್ಮ. ಮೂರು ವರ್ಷದ ಹಿಂದೆ ನನ್ನ ತಂಗಿಯ ಮಗನಿಗೂ ಹೀಗೇ ಆಗಿತ್ತು. ಟಿಸಿಗಾಗಿ ಅಲೆಯುತ್ತ ನಾವು ಹುಡುಗನನ್ನು ಒಂದೂವರೆ ತಿಂಗಳು ಮನೆಯಲ್ಲೇ ಉಳಿಸಿಕೊಂಡೆವು. ಆ ತಪ್ಪು ನಿಮ್ಮಿಂದ ಆಗಬಾರದು.

2009ರ ಶಿಕ್ಷಣ ಹಕ್ಕು ಕಾಯ್ದೆಯ 5ನೇ ಪ್ರಕರಣದಂತೆ, ಎಂಟನೇ ತರಗತಿಯವರೆಗಿನ ಮಗು ಸರ್ಕಾರಿ ಅಥವಾ ಅನುದಾನಿತ ಶಾಲೆಗೆ ಸೇರಬಯಸಿದಾಗ ಹಿಂದಿನ ಶಾಲೆಯ ಮುಖ್ಯಸ್ಥರು ಕೂಡಲೇ ಟಿಸಿ ಕೊಡಬೇಕು. ಅದು ಬಂದಿಲ್ಲವೆಂದು ಹೊಸ ಶಾಲೆಯವರು ದಾಖಲಾತಿಯನ್ನು ನಿರಾಕರಿಸುವಂತಿಲ್ಲ, ಮುಂದೂಡುವಂತೆಯೂ ಇಲ್ಲ. ಆದ್ದರಿಂದ ಮೊದಲು ಮಗಳನ್ನು ತರಗತಿಯಲ್ಲಿ ಕೂರಿಸಿ. ಯಾರಾದರೂ ಹಿಂಜರಿದರೆ ಕ್ಷೇತ್ರ ಶಿಕ್ಷಣಾಧಿಕಾರಿಗೆ ಲಿಖಿತ ಮನವಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಇನ್ನೊಂದು ಖಾಸಗಿ ಶಾಲೆಗೆ ಸೇರಿಸುವುದಾದರೆ ಮಾತ್ರ ಈ ಪ್ರಕರಣದ ನೇರ ಬಲ ಸಿಗುವುದಿಲ್ಲ.

ವಕೀಲರ ಬಗ್ಗೆ ಹೇಳುವುದಾದರೆ, 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೇ ಪ್ರಕರಣವು ಮಹಿಳೆಯರಿಗೂ ಮಕ್ಕಳಿಗೂ ಆದಾಯ ನೋಡದೆಯೇ ಉಚಿತ ನೆರವಿನ ಹಕ್ಕನ್ನು ಕೊಟ್ಟಿದೆ. ಇದು ತಿಳಿಯದೆ ನನ್ನ ತಂಗಿ ನಾಡಕಚೇರಿಗೆ ನಾಲ್ಕು ದಿನ ಅಲೆದು ಆದಾಯ ಪ್ರಮಾಣಪತ್ರ ತಂದಿದ್ದಳು. ನಿಮಗೆ ಇದರ ಅಗತ್ಯವೇ ಇಲ್ಲ ಎಂದು ಕಾನೂನು ಸೇವೆಗಳ ಸಮಿತಿಯ ಸಿಬ್ಬಂದಿ ಅದನ್ನು ಹಿಂದಿರುಗಿಸಿದರು. ನಿಮ್ಮ ತಾಲ್ಲೂಕು ನ್ಯಾಯಾಲಯಕ್ಕೆ ಹೋಗಿ ತಾಲ್ಲೂಕು ಕಾನೂನು ಸೇವೆಗಳ ಸಮಿತಿಯ ಕಚೇರಿ ಎಲ್ಲಿದೆಯೆಂದು ಕೇಳಿ. ಬಿಳಿ ಹಾಳೆಯ ಮೇಲೆ ಕನ್ನಡದಲ್ಲಿ ಬರೆದ ಅರ್ಜಿ ಸಾಕು. ಬರೆಯಲು ಕಷ್ಟವಾದರೆ ಬಾಯಲ್ಲಿ ಹೇಳಿದ್ದನ್ನು ಅವರೇ ಬರೆದುಕೊಳ್ಳುತ್ತಾರೆ. ಹೊರಡುವ ಮುನ್ನ ಮಾತನಾಡಬೇಕಿದ್ದರೆ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಶುಲ್ಕವಿಲ್ಲದೆ ಕರೆ ಮಾಡಬಹುದು.

ನಮ್ಮ ವಿಷಯ ಮೊಕದ್ದಮೆಯವರೆಗೆ ಹೋಗಲಿಲ್ಲ. ಸಮಿತಿಯಿಂದ ಪತ್ರ ಹೋದ ಮೇಲೆ ಶಾಲೆಯವರು ಮಾತುಕತೆಗೆ ಬಂದರು, ಟಿಸಿ ಕೈಗೆ ಬಂತು, ಬಾಕಿಯನ್ನು ತಂಗಿ ಕಂತುಗಳಲ್ಲಿ ತೀರಿಸಿದಳು. ಬಾಕಿ ಶುಲ್ಕ ಇದರಿಂದ ಮನ್ನಾ ಆಗುವುದಿಲ್ಲ ಎಂಬುದನ್ನು ದಯವಿಟ್ಟು ಗಮನದಲ್ಲಿಡಿ. ಅದನ್ನು ವಸೂಲಿ ಮಾಡಲು ಶಾಲೆಗೆ ಸಿವಿಲ್ ನ್ಯಾಯಾಲಯದ ದಾರಿಯಿದೆ, ಆದರೆ ಅದಕ್ಕಾಗಿ ಮಗುವಿನ ದಾಖಲೆಯನ್ನು ಒತ್ತೆ ಇಟ್ಟುಕೊಳ್ಳುವುದು ಅನ್ಯಾಯವೆಂದೇ ನನ್ನ ದೃಢವಾದ ಅಭಿಪ್ರಾಯ.

ಹೋಗುವಾಗ ಶುಲ್ಕದ ರಸೀದಿಗಳು, ಅಂಕಪಟ್ಟಿ, ಟಿಸಿ ಕೇಳಿ ಶಾಲೆಗೆ ಕೊಟ್ಟ ಪತ್ರದ ಪ್ರತಿ ಜೊತೆಯಲ್ಲಿರಲಿ. ನಿಮಗೆ ನೇಮಿಸಿದ ವಕೀಲರಿಗೆ ನೀವು ಒಂದು ರೂಪಾಯಿಯನ್ನೂ ಕೊಡಬೇಕಾಗಿಲ್ಲ. ಅವರು ಕೇಳಿದರೆ ಸಂಕೋಚಪಡದೆ ಸಮಿತಿಗೆ ದೂರು ಕೊಡಿ.