ಸ್ಟುಟ್‌ಗಾರ್ಟ್‌ಗೆ ಬರುವ ಮುಂಚೆ ಕೆಲಸ ಏನೆಂದು ಕೇಳಿಕೊಳ್ಳಿ

ಬೆಂಗಳೂರಿನ ಸರ್ವಿಸ್ ಕಂಪನಿಯಲ್ಲಿ ಆರು ವರ್ಷ ದುಡಿದು ಸಾಕಾಗಿದೆ, ಜರ್ಮನಿಯ ಸ್ಟುಟ್‌ಗಾರ್ಟ್‌ನಿಂದ ಆಫರ್ ಬಂದಿದೆ, ಅಲ್ಲಿಗೆ ಬಂದರೆ ಕೆಲಸದಲ್ಲಿ ಮತ್ತೆ ಖುಷಿ ಸಿಗುತ್ತದಾ ಎಂದು ಕೇಳಿದ್ದೀರಿ. ನಾನು ಇಲ್ಲಿ ಕಾರುಗಳ ಸಾಫ್ಟ್‌ವೇರ್ ಬರೆಯುತ್ತಾ ಹತ್ತು ವರ್ಷದ ಮೇಲಾಯಿತು. ನೇರವಾಗಿ ಹೇಳುತ್ತೇನೆ: ಇಲ್ಲಿಗೆ ಬಂದರೆ ಕಿರಿಕಿರಿ ಬಹಳಷ್ಟು ಕಡಿಮೆಯಾಗುತ್ತದೆ. ಖುಷಿ ಮಾತ್ರ ಅದರ ಜೊತೆಗೇ ಬರುವುದಿಲ್ಲ.

ಫ್ರೆಡರಿಕ್ ಹರ್ಜ್‌ಬರ್ಗ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ 1959ರಲ್ಲೇ ಇದನ್ನು ಹೇಳಿದ್ದರು. ಪಿಟ್ಸ್‌ಬರ್ಗ್ ಕಡೆಯ ಎಂಜಿನಿಯರುಗಳನ್ನೂ ಲೆಕ್ಕ ನೋಡುವವರನ್ನೂ ಮಾತಾಡಿಸಿದಾಗ ಅವರಿಗೆ ಕಂಡದ್ದು ಇಷ್ಟು. ಸಂಬಳ, ಮೇಲಿನವರ ವರ್ತನೆ, ಕಂಪನಿಯ ನಿಯಮ ಸರಿಯಿಲ್ಲದಿದ್ದರೆ ಜನ ನೊಂದುಕೊಳ್ಳುತ್ತಾರೆ. ಸರಿಯಿದ್ದರೆ ನೋವು ನಿಲ್ಲುತ್ತದೆ, ಅಷ್ಟೇ. ಹುರುಪು ಬರುವುದು ಮಾಡುವ ಕೆಲಸದಿಂದ, ಅದರಲ್ಲಿ ಸಿಗುವ ಜವಾಬ್ದಾರಿಯಿಂದ, ಬೆಳೆಯುತ್ತಿದ್ದೇನೆ ಎನ್ನುವ ಭಾವನೆಯಿಂದ. ಅವರ ವಿಧಾನದ ಬಗ್ಗೆ ಆಮೇಲೆ ತಕರಾರುಗಳು ಬಂದವು. ಆದರೆ ಇಲ್ಲಿಗೆ ಬಂದ ನಮ್ಮವರನ್ನು ನೋಡಿದಾಗಲೆಲ್ಲ ನನಗೆ ಆ ಮಾತು ನಿಜ ಅನ್ನಿಸುತ್ತದೆ.

ನೋವು ನಿಲ್ಲಿಸುವ ವಿಷಯದಲ್ಲಿ ಜರ್ಮನಿ ಗಟ್ಟಿ. ವಾರಕ್ಕೆ ಐದು ದಿನ ಕೆಲಸ ಮಾಡುವವರಿಗೆ ವರ್ಷಕ್ಕೆ ಕನಿಷ್ಠ 20 ದಿನ ರಜೆ ಕಾನೂನಿನಲ್ಲೇ ಇದೆ. ನಮ್ಮ ಕ್ಷೇತ್ರದಲ್ಲಿ 30 ದಿನ ಸಾಮಾನ್ಯ. ರಜೆಯಲ್ಲಿದ್ದಾಗ ಜ್ವರ ಬಂದು ಡಾಕ್ಟರ್ ಚೀಟಿ ಕೊಟ್ಟರೆ ಆ ದಿನಗಳು ರಜೆಯ ಲೆಕ್ಕಕ್ಕೆ ಬರುವುದಿಲ್ಲ. ಒಂದು ದಿನದ ಕೆಲಸ ಮುಗಿಸಿ ಮರುದಿನ ಶುರು ಮಾಡುವ ನಡುವೆ 11 ಗಂಟೆ ಬಿಡುವು ಇರಬೇಕು. ಕಂಪನಿಯಲ್ಲಿ ಬೆಟ್ರೀಬ್ಸ್‌ರಾಟ್, ಅಂದರೆ ನೌಕರರು ಆರಿಸಿದ ಮಂಡಳಿ, ಇದ್ದರೆ ನಿಮ್ಮ ಮೇಲೆ ಕಣ್ಣಿಡುವ ಸಾಫ್ಟ್‌ವೇರನ್ನು ಅದರ ಒಪ್ಪಿಗೆ ಇಲ್ಲದೆ ಹಾಕುವಂತಿಲ್ಲ. ರಾತ್ರಿ ಹತ್ತಕ್ಕೆ ಕಾಲ್, ಶನಿವಾರ ರಿಲೀಸ್ ಅಂತ ಬದುಕಿದವರಿಗೆ ಇದೆಲ್ಲ ಎಷ್ಟು ದೊಡ್ಡದು ಅಂತ ನನಗೆ ಗೊತ್ತು. ಹಾಗಂತ ಎಲ್ಲವೂ ಬೇರೆ ಅಲ್ಲ. ನೋಟಿಸ್ ಪೀರಿಯಡ್ ಇಲ್ಲೂ ಎಷ್ಟೋ ಕಡೆ ಮೂರು ತಿಂಗಳೇ.

ಒಂದು ವರ್ಷ ಇದರ ಸುಖದಲ್ಲೇ ಕಳೆಯುತ್ತದೆ. ಆಮೇಲೆ ಕೆಲವರು ಮಂಕಾಗುತ್ತಾರೆ. ಸಂಜೆ ಐದಕ್ಕೆ ಮನೆಗೆ ಬಂದಿರುತ್ತಾರೆ, ಆದರೆ ಹಗಲೆಲ್ಲ ಮಾಡಿದ್ದು ಏನು ಅಂತ ಕೇಳಿದರೆ ಉತ್ತರ ಇಲ್ಲ. ಕಾರಿನ ಸಾಫ್ಟ್‌ವೇರಿನಲ್ಲಿ ಸುರಕ್ಷತೆಗೆ ಐಎಸ್‌ಒ 26262 ಎಂಬ ಮಾನದಂಡವಿದೆ. ಸಾಫ್ಟ್‌ವೇರ್ ಏನು ಮಾಡಬೇಕು ಎನ್ನುವ ಪ್ರತಿ ಬೇಡಿಕೆಯನ್ನೂ ಡಿಸೈನ್‌ಗೆ, ಕೋಡಿಗೆ, ಟೆಸ್ಟಿಗೆ ಕೊಂಡಿ ಹಾಕಿ ದಾಖಲೆಯಲ್ಲಿ ತೋರಿಸಬೇಕು. ಇದು ಅಗತ್ಯವಾದ ಕೆಲಸ, ಬ್ರೇಕಿನ ಕೋಡ್ ತಪ್ಪಿದರೆ ಜೀವ ಹೋಗುತ್ತದೆ ಅಲ್ವಾ? ಆದರೆ ಇಡೀ ವರ್ಷ ಬರೀ ಕೊಂಡಿ ಹಾಕುವ ಕೆಲಸವನ್ನೇ ಒಬ್ಬರಿಗೆ ಕೊಟ್ಟು, ಡಿಸೈನನ್ನು ಇನ್ಯಾರೋ ನಿರ್ಧರಿಸಿದರೆ ಮನಸ್ಸು ಒಣಗುತ್ತದೆ. ಒಂದು ಮಾಡ್ಯೂಲನ್ನು, ಅಂದರೆ ಸಾಫ್ಟ್‌ವೇರಿನ ಒಂದು ಭಾಗವನ್ನು, ಮೊದಲಿನಿಂದ ಕೊನೆಯವರೆಗೆ ನೋಡಿಕೊಳ್ಳುವವರು ಇದೇ ದಾಖಲೆಗಳನ್ನು ಬೇಸರವಿಲ್ಲದೆ ಬರೆಯುವುದನ್ನು ನಾನು ನೋಡಿದ್ದೇನೆ.

ಡಿಸೈನ್ ಯಾರು ನಿರ್ಧರಿಸುತ್ತಾರೆ ಅನ್ನುವಲ್ಲಿ ಭಾಷೆ ಬರುತ್ತದೆ. ಮೀಟಿಂಗಿನಲ್ಲಿ ನಿಮಗೋಸ್ಕರ ಎಲ್ಲರೂ ಇಂಗ್ಲಿಷಿಗೆ ತಿರುಗುತ್ತಾರೆ, ಒಳ್ಳೆಯವರೇ. ಆದರೆ ಅದಕ್ಕೂ ಮೊದಲೇ ಕಾಫಿ ಮಷಿನ್ ಹತ್ತಿರ ಇಬ್ಬರು ಜರ್ಮನ್‌ನಲ್ಲಿ ಮಾತಾಡಿ ಅರ್ಧ ನಿರ್ಧಾರ ಮುಗಿಸಿರುತ್ತಾರೆ. ಯಾರೂ ನಿಮ್ಮನ್ನು ದೂರ ಇಡಬೇಕು ಅಂತ ಮಾಡಿದ್ದಲ್ಲ. ಆದರೂ ನೀವು ಹೊರಗೇ ಉಳಿಯುತ್ತೀರಿ. ಬ್ಲೂ ಕಾರ್ಡ್, ಅಂದರೆ ಹೊರದೇಶದ ನುರಿತ ಕೆಲಸಗಾರರಿಗೆ ಕೊಡುವ ಪರವಾನಗಿ, ಇದ್ದವರಿಗೆ ಬಿ1 ಅಂದರೆ ಮಧ್ಯಮ ಮಟ್ಟದ ಜರ್ಮನ್ ಬಂದರೆ 21 ತಿಂಗಳಿಗೆ, ಎ1 ಅಂದರೆ ಆರಂಭದ ಮಟ್ಟ ಮಾತ್ರ ಆದರೆ 27 ತಿಂಗಳಿಗೆ ಕಾಯಂ ವಾಸದ ಪರವಾನಗಿ ಸಿಗುವ ದಾರಿಯಿದೆ. ಎಲ್ಲರೂ ಅದಕ್ಕಾಗಿಯೇ ಕಲಿಯುತ್ತಾರೆ. ನನ್ನ ಕೇಳಿದರೆ ಆ ಕಾಫಿ ಮಷಿನ್ ಹತ್ತಿರ ನಿಲ್ಲುವುದಕ್ಕಾಗಿ ಕಲಿಯಬೇಕು. ಬೆಂಗಳೂರಿನ ಇಂದಿರಾನಗರದಲ್ಲಿ ಜರ್ಮನ್ ಕಲಿಸುವ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಈಗಲೇ ಶುರು ಮಾಡಿ.

ಹೊಗಳಿಕೆಯ ವಿಷಯವೂ ತಿಳಿದಿರಲಿ. ಬೈಯಲಿಲ್ಲ ಅಂದರೆ ಹೊಗಳಿದ ಹಾಗೇ ಅಂತ ಸ್ಟುಟ್‌ಗಾರ್ಟ್ ಸುತ್ತಲಿನ ಈ ಶ್ವಾಬಿಯಾ ಸೀಮೆಯ ಜನರೇ ಹೇಳುತ್ತಾರೆ. ಮ್ಯಾನೇಜರ್ ಸುಮ್ಮನಿದ್ದಾರೆ ಅಂತ ಕುಗ್ಗಬೇಡಿ. ನೀವೇ ಹೋಗಿ ಕೇಳಿದರೆ ಸ್ಪಷ್ಟವಾಗಿ, ಸುತ್ತು ಬಳಸದೆ ಹೇಳುತ್ತಾರೆ. ಅದು ಬಹಳ ಉಪಯೋಗಕ್ಕೆ ಬರುತ್ತದೆ.

ವಾಹನ ಉದ್ಯಮ ಈಗ ಇಕ್ಕಟ್ಟಿನಲ್ಲಿದೆ. ಫೋಕ್ಸ್‌ವ್ಯಾಗನ್ ಒಂದೇ 2030ರೊಳಗೆ 35,000ಕ್ಕೂ ಹೆಚ್ಚು ಹುದ್ದೆ ಕಡಿಮೆ ಮಾಡಲು 2024ರ ಡಿಸೆಂಬರಿನಲ್ಲಿ ಒಪ್ಪಂದ ಮಾಡಿಕೊಂಡಿದೆ. ಆದ್ದರಿಂದ ಯಾವ ಪ್ರಾಜೆಕ್ಟಿಗೆ ಕರೆಯುತ್ತಿದ್ದಾರೆ ಅನ್ನುವುದು ಇನ್ನೂ ಮುಖ್ಯ.

ಆಫರ್‌ಗೆ ಸಹಿ ಹಾಕುವ ಮುಂಚೆ ಟೀಮ್ ಲೀಡ್ ಜೊತೆ ಮಾತಾಡಲು ಅರ್ಧ ಗಂಟೆ ಸಮಯ ಕೇಳಿ, ಕೊಡುತ್ತಾರೆ. ನನ್ನ ಪಾಲಿಗೆ ಬರುವ ಭಾಗ ಯಾವುದು, ಅದರ ಡಿಸೈನ್ ಯಾರು ನಿರ್ಧರಿಸುತ್ತಾರೆ, ಕೋಡ್ ಎಷ್ಟು, ದಾಖಲೆ ಎಷ್ಟು, ಟೀಮಿನ ಭಾಷೆ ಯಾವುದು, ಇಷ್ಟು ವಿಚಾರಿಸಿ. ಸಂಬಳದ ಬಗ್ಗೆ ಈಗಾಗಲೇ ಕೇಳಿದ್ದೀರಲ್ಲ, ಅಷ್ಟೇ ಧೈರ್ಯವಾಗಿ ಇದನ್ನೂ ಕೇಳಿ. ಅವರು ಏನು ಹೇಳಿದರು ಅಂತ ನನಗೆ ಬರೆಯಿರಿ, ಒಟ್ಟಿಗೆ ಕೂತು ಯೋಚಿಸೋಣ.