ಗೇಮ್‌ನ ಇಂಟರ್‌ಫೇಸ್ ಸುಧಾರಿಸೋಕೆ ಹೊಸ ಡಿಸೈನರ್ ತರಬೇಕಾ, ಡಿಸೈನನ್ನು ಡೆವಲಪರ್‌ಗೆ ಒಪ್ಪಿಸುವ ಹ್ಯಾಂಡಾಫ್ ಟೂಲ್ ಬದಲಿಸಬೇಕಾ?

ಎರಡೂ ಬೇಡ. ಡಿಸೈನರ್ ಒಂದು ಕಳಿಸ್ತಾರೆ, ಡೆವಲಪರ್ ಇನ್ನೊಂದು ಕಟ್ತಾರೆ, ಕೊನೆಗೆ ಆಟಗಾರರು ಬೈತಾರೆ ಅಂತ ಬರೆದಿದ್ದೀರಿ. ಬೆಳಗಾವಿಯ ಟಿಳಕವಾಡಿಯಲ್ಲಿ ನಾನಿದ್ದ ಸಣ್ಣ ಸ್ಟುಡಿಯೋದ ಕಥೆಯೂ ಇದೇ.

ಚೌಕಾಬಾರವನ್ನು ಮೊಬೈಲ್‌ಗೆ ತರುವ ಕೆಲಸ ಸಿಕ್ಕಿತ್ತು. ಐದು ಮನೆ ಉದ್ದ, ಐದು ಮನೆ ಅಗಲ, ನಾಲ್ಕು ಕವಡೆ. ಇದರಲ್ಲಿ ಕಷ್ಟ ಏನಿದೆ ಅನ್ನಿಸಿತ್ತು. ಇಂಟರ್‌ಫೇಸ್ ಡಿಸೈನರ್ ನಾನು. ದೊಡ್ಡ ಮಾನಿಟರ್ ಮುಂದೆ ಕೂತು ಫಿಗ್ಮಾ ಅನ್ನೋ ಡಿಸೈನ್ ಟೂಲ್‌ನಲ್ಲಿ ಎಲ್ಲಾ ಸ್ಕ್ರೀನ್‌ಗಳ ಚಿತ್ರ ಮುಗಿಸಿದೆ. ಕ್ಲೈಂಟ್‌ಗೆ ತೋರಿಸಿದೆವು, ಅವರು ಒಪ್ಪಿದರು. ಆಮೇಲೆ ಡೆವಲಪರ್‌ಗೆ ಲಿಂಕ್ ಕಳಿಸಿದೆ.

ಈ 'ಆಮೇಲೆ'ಯೇ ನಮ್ಮನ್ನು ಮುಳುಗಿಸಿದ್ದು. ಚಿತ್ರ ಕೆಟ್ಟದಿರಲಿಲ್ಲ, ಚೆನ್ನಾಗೇ ಇತ್ತು. ಆದರೆ ಕ್ಲೈಂಟ್ ಒಪ್ಪಿದ ಚಿತ್ರವನ್ನು ಯಾರೂ ಮುಟ್ಟೋ ಹಾಗಿಲ್ಲ, ಅಲ್ವಾ? ಅಲ್ಲಿಂದ ಮುಂದೆ ಡೆವಲಪರ್ ಏನು ಹೇಳಿದರೂ ಅದು ತಕರಾರು, ಇಲ್ಲವೇ ಸೋಮಾರಿತನ. ಅದೇ ಮಾತನ್ನು ಮೊದಲೇ ಕೇಳಿದ್ದರೆ ಅದು ಮಾಹಿತಿ ಆಗಿರೋದು. ಅವರಿಗೆ ಗೊತ್ತಿದ್ದ ವಿಷಯಕ್ಕೆ ಬೆಲೆ ಇದ್ದ ಹೊತ್ತಿನಲ್ಲಿ ಅವರನ್ನು ಯಾರೂ ಕರೆಯಲೇ ಇಲ್ಲ.

ಕನ್ನಡ ಅಕ್ಷರವನ್ನೇ ತಗೊಳ್ಳಿ. ಫಿಗ್ಮಾದಲ್ಲಿ 'ಮತ್ತೊಮ್ಮೆ ಆಡಿ' ಅನ್ನೋ ಬಟನ್ ಮುದ್ದಾಗಿ ಕಾಣ್ತಿತ್ತು. ನಾವು ಆಟ ಕಟ್ಟಿದ್ದು ಯೂನಿಟಿ ಅನ್ನೋ ಗೇಮ್ ಎಂಜಿನ್‌ನಲ್ಲಿ, ಅಕ್ಷರ ತೋರಿಸೋಕೆ ಅದರದ್ದೇ ಟೆಕ್ಸ್ಟ್‌ಮೆಶ್‌ಪ್ರೊ. ಅದು ಒಂದೊಂದು ಯೂನಿಕೋಡ್ ಚಿಹ್ನೆಯನ್ನೂ ಬಿಡಿಬಿಡಿಯಾಗಿ ತಂದು ಸಾಲಾಗಿ ನಿಲ್ಲಿಸುತ್ತೆ. ಇಂಗ್ಲಿಷ್‌ಗೆ ಅಷ್ಟು ಸಾಕು. ಕನ್ನಡದಲ್ಲಿ ಒತ್ತು ಕೆಳಗಿಳಿಯಬೇಕು, ಗುಣಿತ ಕೂಡಿಕೊಳ್ಳಬೇಕು. ಅದರ ನಿಯಮ ಫಾಂಟ್‌ನ ಒಳಗೇ ಇರುತ್ತೆ, ಆದರೆ ಅದನ್ನು ಓದಿ ಅಕ್ಷರ ಜೋಡಿಸುವ ಎಂಜಿನ್ ಬೇರೆಯೇ ಬೇಕು. ಹಾಗಾಗಿ 'ಆಟ' ಸರಿ ಬಂತು, 'ಮತ್ತೊಮ್ಮೆ' ಚೂರುಚೂರಾಯಿತು. ಡೆವಲಪರ್‌ಗೆ ಇದು ಮೊದಲ ದಿನವೇ ಗೊತ್ತಿತ್ತಂತೆ! ದೀಪಾವಳಿಗೆ ಆಟ ಬಿಡಬೇಕಿತ್ತು. ಅದಕ್ಕೆ ಎಲ್ಲಾ ಅಕ್ಷರಗಳನ್ನೂ ಚಿತ್ರ ಮಾಡಿ ಅಂಟಿಸಿದೆವು. ಕ್ಲೈಂಟ್ ಒಂದು ಪದ ಬದಲಿಸಿ ಅಂದ್ರೆ ನಾನು ಮತ್ತೆ ಎಕ್ಸ್‌ಪೋರ್ಟ್ ಮಾಡಬೇಕು, ಅವರು ಮತ್ತೆ ಸೇರಿಸಬೇಕು, ಟೆಸ್ಟರ್ ಮತ್ತೆ ನೋಡಬೇಕು. ದೀಪಾವಳಿ ತಪ್ಪಿತು. ಕ್ಲೈಂಟ್ ಮುಂದಿನ ಆಟವನ್ನು ಬೇರೆಯವರಿಗೆ ಕೊಟ್ಟರು.

ಇದರ ಮೇಲೆ ಕವಡೆ ಬೇರೆ. ಸ್ಕ್ರೀನ್‌ನ ತಳದಿಂದ ಮೇಲಕ್ಕೆ ಸ್ವೈಪ್ ಮಾಡಿದರೆ ಕವಡೆ ಹಾರಬೇಕು ಅಂತ ನಾನು ಬರೆದಿದ್ದೆ. ಆಫೀಸ್ ಕೆಳಗಿನ ಚಹಾದಂಗಡಿಯವರ ಕೈಗೆ ಫೋನ್ ಕೊಟ್ಟೆವು. ಒದ್ದೆ ಬೆರಳನ್ನು ಅಂಗಿಗೆ ಒರೆಸಿಕೊಂಡು ಜೋರಾಗಿ ಎಳೆದರು. ಆಟವೇ ಮಾಯ, ಹೋಂ ಸ್ಕ್ರೀನ್ ಬಂದು ನಿಂತಿತು. "ಏನ್ರೀ ಇದು, ಕವಡಿ ಒಗದ್ರ ಆಟಾನೇ ಹೋತಲ್ರೀ" ಅಂದರು. ಆಂಡ್ರಾಯ್ಡ್ 10ರಿಂದ ಬಂದ ಜೆಸ್ಚರ್ ನ್ಯಾವಿಗೇಶನ್‌ನಲ್ಲಿ ತಳದಿಂದ ಮೇಲಕ್ಕೆ ಎಳೆದರೆ ಹೋಂಗೆ ಹೋಗುತ್ತೆ. ಮಾನಿಟರ್ ಮೇಲೆ ಇದೆಲ್ಲಿ ಕಾಣಬೇಕು?

ಅದಾದ ಮೇಲೆ ನಾನು ಕುರ್ಚಿ ಎತ್ತಿಕೊಂಡು ಹೋಗಿ ಡೆವಲಪರ್ ಪಕ್ಕ ಕೂತೆ. ಬಣ್ಣ ಬಿಟ್ಟೆ. ಬರೀ ಬೂದು ಚೌಕ ಹಾಕಿ ಅವತ್ತೇ ಫೋನ್‌ಗೆ ಇಳಿಸಿ ನೋಡೋದು. ಮೀಟಿಂಗ್‌ಗಿಂತ ಇದರಿಂದ ಕೆಲಸ ಜಾಸ್ತಿ ಆಯಿತು. ಒಂದು ಉದಾಹರಣೆ ಹೇಳ್ತೀನಿ. 360 ಡಿಪಿ (ಆಂಡ್ರಾಯ್ಡ್‌ನಲ್ಲಿ ಸ್ಕ್ರೀನ್ ಅಳೆಯುವ ಅಳತೆ) ಅಗಲದ ಫೋನ್‌ನಲ್ಲಿ ಒಂದು ಮನೆಗೆ ಹೆಚ್ಚಂದ್ರೆ 72 ಡಿಪಿ ಸಿಗುತ್ತೆ. ಕಾಯಿ ಹೊಡೆಯೋಕಾಗದ ಕಟ್ಟೆ ಮನೆಯಲ್ಲಿ ನಾಲ್ಕು ಕಾಯಿ ಎರಡೆರಡು ಸಾಲಾಗಿ ಸೇರಿದರೆ ಒಂದೊಂದಕ್ಕೆ 36. ಮುಟ್ಟುವ ಜಾಗ ಕನಿಷ್ಠ 48 ಇರಲಿ ಅನ್ನುತ್ತೆ ಗೂಗಲ್. ಕಾಯಿ ದೊಡ್ಡದು ಮಾಡೋದು ಹೇಗೆ ಅಂತ ನಾನು ತಲೆ ಕೆಡಿಸಿಕೊಂಡಿದ್ದೆ. ಡೆವಲಪರ್ ಅಂದ್ರು: "ಒಂದೇ ಮನೇಲಿರೋ ನನ್ನ ಎರಡು ಕಾಯಿಯಲ್ಲಿ ಯಾವುದು ನಡೆದರೇನು? ಮನೆಯನ್ನೇ ಬಟನ್ ಮಾಡು." ಮುಗೀತು. ಯಾವ ಡಿಸೈನರ್‌ನ ಕರೆಸಿದ್ದರೂ ಈ ಉತ್ತರ ಸಿಗ್ತಿರಲಿಲ್ಲ, ಯಾಕಂದ್ರೆ ಅದು ಆಟದ ಲಾಜಿಕ್ ಬರೆದವರ ತಲೆಯಲ್ಲಿತ್ತು.

'ನಿಮ್ಮ ಸರದಿ' ಅನ್ನೋ ಪಾಪ್‌ಅಪ್ ತೆಗೆಸಿದ್ದು ಸೌಂಡ್ ಮಾಡುವ ಹುಡುಗ. ಕವಡೆ ಗಲಗಲ ಅಂದ್ರೆ ಸಾಕು ಅಂದ. ಜನ ಬಸ್ಸಿನಲ್ಲಿ ಮ್ಯೂಟ್ ಇಟ್ಟು ಆಡ್ತಾರೆ ಅಂತ ಟೆಸ್ಟರ್ ತಡೆದಳು. ಅದಕ್ಕೆ ವೈಬ್ರೇಶನ್ ಸೇರಿಸಿ, ಆಡುವವರ ಕಡೆಯ ಅಂಚಿಗೆ ಬಣ್ಣ ಹಾಕಿದೆವು. ಅಕ್ಷರಕ್ಕೆ ಹಾರ್ಫ್‌ಬಜ್ ಅನ್ನೋ ಜೋಡಿಸುವ ಎಂಜಿನ್ ಬಂತು, ಕವಡೆಗೆ ಸ್ವೈಪ್ ಹೋಗಿ ಟ್ಯಾಪ್ ಬಂತು.

ಹಾಗಂತ ಎಲ್ಲರನ್ನೂ ಕೂರಿಸಿ ಬಟನ್ ಬಣ್ಣಕ್ಕೆ ಕೈ ಎತ್ತಿಸಬೇಡಿ. ಹೇಳೋರು ಎಲ್ಲರೂ ಇರಲಿ, ತೀರ್ಮಾನ ಒಬ್ಬರದ್ದೇ ಆಗಲಿ. ಕ್ಲೈಂಟ್‌ಗೆ ಚಿತ್ರ ತೋರಿಸಬೇಡಿ, ಫೋನ್‌ನಲ್ಲಿ ಓಡುವುದನ್ನೇ ಕೈಗೆ ಕೊಡಿ.

ಹೊಸ ಡಿಸೈನರ್‌ಗೆ ಅಂತ ಎತ್ತಿಟ್ಟ ದುಡ್ಡಿದ್ದರೆ ಸೆಕೆಂಡ್‌ಹ್ಯಾಂಡ್ ಅಗ್ಗದ ಫೋನ್‌ಗಳನ್ನು ತಗೊಳ್ಳಿ. ಅದರಲ್ಲಿ ಒಂದು ಫೋನ್ ಡಿಸೈನರ್ ಮೇಜಿನ ಮೇಲೇ ಇರಲಿ.