ದೊಡ್ಡ ಕಾರು ಕೊಂಡೆ, ಮಗಳು ದೂರದಲ್ಲೇ ಇಳಿಯುತ್ತಾಳೆ

ಪ್ರಶ್ನೆ: ನನಗೆ 48 ವರ್ಷ. ಇಪ್ಪತ್ತು ವರ್ಷ ದುಡಿದು, ಹೋದ ವರ್ಷ ಆಸೆಪಟ್ಟು ಒಂದು ದೊಡ್ಡ ಐಷಾರಾಮಿ ಎಸ್‌ಯುವಿ ಕೊಂಡೆ. ‘ಇಂಥ ಗಾಡಿ ಓಡಿಸೋರಿಗೆಲ್ಲ ಕೊಬ್ಬು ಜಾಸ್ತಿ’ ಅಂತ ಸಹೋದ್ಯೋಗಿಗಳು ನನ್ನೆದುರೇ ಆಡಿಕೊಳ್ಳುತ್ತಾರೆ. ಅದನ್ನು ಸಹಿಸಬಹುದು. ಆದರೆ 16 ವರ್ಷದ ಮಗಳು ಕಾಲೇಜು ಇನ್ನೂರು ಮೀಟರ್ ಇರುವಾಗಲೇ ‘ಇಲ್ಲೇ ನಿಲ್ಲಿಸಪ್ಪ’ ಅನ್ನುತ್ತಾಳೆ. ಕಾರು ಮಾರಿಬಿಡಲೇ?

ಉತ್ತರ: ಮಾರುವ ಮಾತು ಆಮೇಲೆ. ನಿಮ್ಮ ಪತ್ರದಲ್ಲಿ ನನ್ನನ್ನು ಕಾಡಿದ್ದು ಆ ಇನ್ನೂರು ಮೀಟರ್.

ಮೊದಲು ಸಹೋದ್ಯೋಗಿಗಳ ಮಾತು ನೋಡೋಣ. ಅದು ಅರ್ಧ ನಿಜ. ಫಿನ್‌ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದವರು 1892 ಕಾರು ಮಾಲೀಕರ ಸ್ವಭಾವ ಕೇಳಿ ತಿಳಿದುಕೊಂಡರು. ದುಬಾರಿ ಕಾರು ಇಟ್ಟುಕೊಂಡವರಲ್ಲಿ ಎರಡು ಬಗೆ ಎದ್ದು ಕಂಡವು. ಇನ್ನೊಬ್ಬರ ಕಷ್ಟ ತಟ್ಟದ, ಹಟಮಾರಿ, ಜಗಳಗಂಟ ಗಂಡಸರು ಒಂದು ಬಗೆ. ಅಚ್ಚುಕಟ್ಟಾಗಿ ಬದುಕುವ, ಜವಾಬ್ದಾರಿಯ ಗಂಡಸರು, ಹೆಂಗಸರು ಇನ್ನೊಂದು. ಇಪ್ಪತ್ತು ವರ್ಷ ಕಾದು ಕೊಂಡ ನೀವು ಎರಡನೆಯವರು ಅಂತಲೇ ನನ್ನ ನಂಬಿಕೆ.

ಆದರೆ ರಸ್ತೆಯಲ್ಲಿ ನಡೆಯುವವರಿಗೆ ನಿಮ್ಮ ಇಪ್ಪತ್ತು ವರ್ಷ ಕಾಣುವುದಿಲ್ಲ. ಅವರಿಗೆ ಕಾಣುವುದು ಬಾನೆಟ್. ಒಮ್ಮೆ ಗಾಡಿ ನಿಲ್ಲಿಸಿ, ಇಳಿದು, ಅದರ ಮುಂದೆ ಕುಕ್ಕರಗಾಲಲ್ಲಿ ಕೂತು ನೋಡಿ. ಚಿಕ್ಕ ಮಗುವಿನ ಕಣ್ಣಿಗೆ ಅಷ್ಟೇ ಕಾಣುವುದು. ಎದುರಿಗೆ ಬರೀ ಗ್ರಿಲ್, ಸ್ಟೇರಿಂಗ್ ಹಿಂದಿನ ಮುಖ ಕಾಣದು. ನಿಮಗೂ ಆ ಮಗು ಕಾಣದು. ಅಮೆರಿಕದ ಹೆದ್ದಾರಿ ಸುರಕ್ಷತೆಯ ವಿಮಾ ಸಂಸ್ಥೆಯೊಂದು ಪಾದಚಾರಿಗಳಿಗೆ ಗಾಡಿ ಬಡಿದ ಸುಮಾರು 18 ಸಾವಿರ ಪ್ರಕರಣ ನೋಡಿ 2023ರಲ್ಲಿ ವರದಿ ಕೊಟ್ಟಿತು. 40 ಇಂಚಿಗಿಂತ ಎತ್ತರದ ಬಾನೆಟ್ ಇದ್ದರೆ, 30 ಇಂಚಿನೊಳಗಿನ ಇಳಿಜಾರು ಮೂತಿಯ ಗಾಡಿಗಿಂತ ಸಾವಿನ ಸಾಧ್ಯತೆ ಸುಮಾರು ಶೇ 45ರಷ್ಟು ಜಾಸ್ತಿ. ನಿಮ್ಮ ಗುಣ ಎಷ್ಟೇ ಒಳ್ಳೆಯದಿರಲಿ, ಈ ಲೆಕ್ಕ ಬದಲಾಗದು. ಹಾಗಾಗಿ ದೊಡ್ಡ ಗಾಡಿಯವರು ಉಳಿದವರಿಗಿಂತ ನಿಧಾನವಾಗಿ ಹೋಗಬೇಕು. ಇದರಲ್ಲಿ ನಾನು ರಾಜಿ ಆಗುವುದಿಲ್ಲ.

ಒಳಗೆ ಗಾಜು ಏರಿಸಿ ಕೂತರೆ ವೇಗವೂ ಗೊತ್ತಾಗುವುದಿಲ್ಲ, ಬೈಗುಳವೂ ಕೇಳುವುದಿಲ್ಲ. ಕ್ಯಾಲಿಫೋರ್ನಿಯಾದ ಸಂಶೋಧಕರು ಝೀಬ್ರಾ ಕ್ರಾಸಿಂಗ್ ಒಂದರ ಬಳಿ ನಿಂತು 152 ಗಾಡಿಗಳನ್ನು ಗಮನಿಸಿದ್ದರು. ಕಾರಿನ ದರ್ಜೆ ಏರಿದ ಹಾಗೆ, ದಾಟುವವರಿಗೆ ನಿಲ್ಲಿಸದೆ ಹೋದವರು ಜಾಸ್ತಿ. 2012ರ ಚಿಕ್ಕ ಅಧ್ಯಯನ ಅದು, ಅದರಿಂದ ಎಲ್ಲರನ್ನೂ ಅಳೆಯಬಾರದು. ನೀವು ನಿಲ್ಲಿಸುತ್ತೀರಾ? ನಿಮ್ಮನ್ನು ಕೇಳಿದರೆ ಹೌದು ಅನ್ನುತ್ತೀರಿ. ಪಕ್ಕದ ಸೀಟಿನಲ್ಲಿ ಕೂತವಳಿಗೆ ನಿಜ ಗೊತ್ತು.

ಅದಕ್ಕೇ ಮಗಳನ್ನು ಕೇಳಿ. ಕಾರಿನಲ್ಲಿ ಬೇಡ, ಅಲ್ಲಿ ಅವಳು ಎದ್ದು ಹೋಗುವ ಹಾಗಿಲ್ಲ. ಮನೆಯಲ್ಲಿ ಇಬ್ಬರೇ ಇರುವಾಗ, ‘ನಾನು ಗಾಡಿ ಓಡಿಸುವಾಗ ನಿನಗೆ ಮುಜುಗರ ಆಗೋ ಹಾಗೆ ಏನಾದ್ರೂ ಮಾಡ್ತೀನಾ?’ ಅಂತ ಕೇಳಿ ಸುಮ್ಮನಿರಿ. ‘ನಿಮಗೋಸ್ಕರ ತಾನೇ ತಂದಿದ್ದು’ ಅಂತ ಮಾತ್ರ ಅನ್ನಬೇಡಿ, ಅವಳ ಬಾಯಿ ಅಲ್ಲಿಗೇ ಕಟ್ಟಿಹೋಗುತ್ತದೆ.

ಗೆಳತಿಯರು ನೋಡ್ತಾರೆ, ನಾಚಿಕೆ ಆಗುತ್ತೆ ಅಂದರೆ, ಅದು ವಯಸ್ಸು. ಗುಂಪಿನಲ್ಲಿ ಒಬ್ಬಳಾಗಿರಬೇಕು ಅನ್ನಿಸುವ ವಯಸ್ಸಲ್ವಾ? ಅವಳು ಹೇಳಿದಲ್ಲೇ ಇಳಿಸಿ, ಮುಖ ಸಪ್ಪಗೆ ಮಾಡಿಕೊಳ್ಳಬೇಡಿ. ‘ಗೇಟಿನ ಮುಂದೆ ಅಡ್ಡ ನಿಲ್ಲಿಸ್ತೀಯ, ಸೈಕಲ್ಲಿನವರಿಗೆ ಹಾರ್ನ್ ಹೊಡೀತಾನೇ ಇರ್ತೀಯ’ ಅಂದರೆ, ತಿದ್ದಿಕೊಳ್ಳಬೇಕಾದವರು ನೀವು. ಕೇಳಿಸಿಕೊಳ್ಳಲು ಕಷ್ಟ, ಗೊತ್ತು. ಆದರೂ ಎದುರು ಮಾತಾಡದೆ ಕೇಳಿಸಿಕೊಳ್ಳಿ.

ಆಡಿಕೊಳ್ಳುವವರ ಬಾಯಿಗೆ ಹೆದರಿ ಮಾರಬೇಡಿ. ದಿನವೂ ಒಬ್ಬರೇ ಓಡಾಡುವುದಕ್ಕೆ ಅಷ್ಟು ದೊಡ್ಡ ಗಾಡಿ ಬೇಕಾ ಅಂತ ನಿಮಗೇ ಅನ್ನಿಸಿದರೆ, ಆಗ ಯೋಚಿಸಿ. ಈ ವಾರ ಮಗಳ ಹತ್ತಿರ ಮಾತಾಡಿ. ಅವಳು ಏನಂದಳು ಅಂತ ನನಗೂ ಬರೆಯಿರಿ.